ಕೆಮ್ಮಣ್ಣ ಕಾಯಂ ಆದ ವೃತ್ತಾಂತ

ಜಲಮಂಡಳಿಯ ಗುಡ್ಡದ ಉಗ್ರಾಣಕ್ಕೆ ಸಂಚಾರಿ ನಿಸ್ತಂತು ಭದ್ರತಾ ವ್ಯವಸ್ಥೆಯನ್ನು ಅಳವಡಿಸಿದ ಮೊದಲ ತಿಂಗಳಲ್ಲೇ, ಮಂಡಳಿ ಹುಟ್ಟಿದಂದಿನಿಂದ ಅಲ್ಲಿಯವರೆಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಅತಿಕ್ರಮಣಕಾರರು ಪತ್ತೆಯಾದರು. ಅವರೆಲ್ಲರೂ ಗಂಡಸರು. ಎಲ್ಲರೂ ಒಂದೇ ಎತ್ತರ. ಎಲ್ಲರಿಗೂ ನಡೆಯುವಾಗ ಎಡಗಾಲನ್ನು ಕೊಂಚ ಎಳೆಯುವ ಅಭ್ಯಾಸ. ಎಲ್ಲರೂ ಮೊಣಕೈ ಹರಿದ ಒಂದೇ ಥರದ ಕಂದು ಸ್ವೆಟರ್ ತೊಟ್ಟಿದ್ದರು. ಇದು ಸಂಘಟಿತ ತಂಡವೊಂದರ ಕೃತ್ಯ ಎಂದು ಮಂಡಳಿ ತೀರ್ಮಾನಿಸಿತು. ಸಮವಸ್ತ್ರ ಕೂಡ ಹೊಲಿಸಿಕೊಂಡಿರುವ ತಂಡವನ್ನು ಸಂಘಟಿತ ಅನ್ನದೆ ಇನ್ನೇನು ಅನ್ನಬೇಕು.

ಆ ಗುಡ್ಡ ಊರಿನಿಂದ ಎಷ್ಟು ದೂರ ಅಂದರೆ, ಮಂಡಳಿ ಹೊರಡಿಸಿದ ಸುತ್ತೋಲೆ ಅಲ್ಲಿಗೆ ತಲುಪುವಷ್ಟರಲ್ಲಿ ಅದನ್ನು ರದ್ದುಪಡಿಸಿದ ಸುತ್ತೋಲೆ ಹಿಂದಿನಿಂದ ಓಡಿಬಂದು ಜೊತೆಗೂಡುತ್ತಿತ್ತು. ನೆತ್ತಿಯ ಮೇಲೆ ಅರ್ಧ ಕಟ್ಟಿದ ನೀರಿನ ತೊಟ್ಟಿ. ಅದು ಎಷ್ಟು ಕಾಲದಿಂದ ಅರ್ಧವಾಗಿಯೇ ಇತ್ತೆಂದರೆ, ಒಂದು ನಕ್ಷೆಯಲ್ಲಿ ಅದನ್ನು ಪ್ರಾಚೀನ ಸ್ಮಾರಕವೆಂದು ಗುರುತಿಸಿದ್ದರು. ತೊಟ್ಟಿಯ ಪಕ್ಕದಲ್ಲಿ ಕಬ್ಬಿಣದ ಪೈಪುಗಳ ರಾಶಿ, ಸುತ್ತ ಮುಳ್ಳುತಂತಿಯ ಬೇಲಿ, ಬೇಲಿಯೊಳಗೆ ಕಾವಲುಗಾರನ ಒಂಟಿ ಕೋಣೆ. ನೀರಿನ ಮಂಡಳಿಯ ಜಾಗವಾದ್ದರಿಂದ ನೀರು ಮಾತ್ರ ಇರಲಿಲ್ಲ. ಕಾವಲುಗಾರನ ಹೆಂಡತಿ ಗುಡ್ಡದ ಬುಡದಿಂದ ಕೊಡದಲ್ಲಿ ಹೊತ್ತು ತರುತ್ತಿದ್ದಳು.

ಕಾವಲುಗಾರನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೆಮ್ಮಣ್ಣ ಅಂತ. ಅವನದು ರೋಗದ ಕೆಮ್ಮಲ್ಲ, ಕಸುಬಿನ ಕೆಮ್ಮು. ಮಂಡಳಿ ಅವನಿಗೆ ಕೋಲು ಕೊಟ್ಟಿರಲಿಲ್ಲ, ದೀಪ ಕೊಟ್ಟಿರಲಿಲ್ಲ, ಶಿಳ್ಳೆ ಕೊಡುವ ಪ್ರಸ್ತಾವನೆ ಪರಿಶೀಲನೆಯಲ್ಲಿತ್ತು. ಹಾಗಾಗಿ ಅವನು ಇದ್ದುದರಲ್ಲೇ ಕೆಲಸ ನಡೆಸಿದ. ಹೊತ್ತು ಇಳಿಯುವಾಗ ಬೇಲಿಯ ಮೂಲೆಗೆ ಹೋಗಿ ನಿಂತು, ಮೊದಲು ಗಂಟಲು ಸರಿಪಡಿಸಿಕೊಳ್ಳುವ ಪೀಠಿಕೆ ಹಾಕಿ, ಆಮೇಲೆ ಎದೆಯ ತಳದಿಂದ ಒಂದು ಕೆಮ್ಮು ತೆಗೆದನೆಂದರೆ, ಕೆಳಗೆ ಮೇಯುತ್ತಿದ್ದ ಆಡುಗಳು ತಾವಾಗಿ ಮನೆಯ ದಾರಿ ಹಿಡಿಯುತ್ತಿದ್ದವು. ರಸ್ತೆಯಲ್ಲಿ ಹೋಗುವ ಲಾರಿ ಚಾಲಕರು ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ನೋಡುತ್ತಿದ್ದರು. ಕಳ್ಳರಾದವರಿಗೆ ಆ ಕೆಮ್ಮಿನಲ್ಲಿ ಒಬ್ಬ ಮನುಷ್ಯನಲ್ಲ, ಒಂದು ಠಾಣೆಯೇ ಕೇಳಿಸುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ನಟ್ಟು ಕೂಡ ಕಾಣೆಯಾಗಲಿಲ್ಲ.

ಕಾಣೆಯಾಗದ್ದು ಇನ್ನೊಂದಿತ್ತು, ಅವನ ಹೆಸರಿನ ಹಿಂದಿನ 'ಹಂಗಾಮಿ' ಎಂಬ ಪದ. ತಲೆಗೂದಲು ಕಪ್ಪಿದ್ದಾಗ ಹಂಗಾಮಿ ಕಾವಲುಗಾರನಾಗಿ ಸೇರಿದ್ದ. ಈಗ ಕೂದಲು ಬೆಳ್ಳಗಾಗಿತ್ತು, ಹಂಗಾಮಿ ಹಾಗೆಯೇ ಗಟ್ಟಿಮುಟ್ಟಾಗಿತ್ತು. ನಿವೃತ್ತಿಗೆ ಮುಂಚೆ ಕಾಯಂ ಆದರೆ ಪಿಂಚಣಿ, ತಲೆಯ ಮೇಲೊಂದು ಸೂರು. ಆಗದಿದ್ದರೆ ಗಂಡಹೆಂಡತಿ ಇಬ್ಬರೂ ಕೊಡ ಹೊತ್ತುಕೊಂಡು ಗುಡ್ಡ ಇಳಿಯುವುದು, ಇಳಿದು ಎಲ್ಲಿಗೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕಡೆಗೂ ಆ ಕಡತ ಅಲುಗಾಡಿ, ಮೇಜಿನಿಂದ ಮೇಜಿಗೆ ಜಿಗಿದು, ವಿಭಾಗದ ಸಾಹೇಬರ ಮುಂದೆ ಬಂದು ಕೂತಿತ್ತು. ಇನ್ನು ಬೇಕಾಗಿದ್ದದ್ದು 'ನಡತೆ ನಿಷ್ಕಳಂಕ' ಎಂಬ ಎರಡು ಪದ ಮತ್ತು ಒಂದು ಸಹಿ.

ಅಂಥ ಹೊತ್ತಿಗೆ ಜೀಪು ಗುಡ್ಡ ಹತ್ತಿತು. ಜೀಪಿನಿಂದ ಮೊದಲು ಸಾಹೇಬರು ಇಳಿದರು, ಆಮೇಲೆ ಟೈ ಕಟ್ಟಿದ ಕಂಪನಿಯವರು ಇಳಿದರು, ಕೊನೆಗೆ ನಾಲ್ಕು ಜನ ಹಿಡಿದುಕೊಂಡು ಯಂತ್ರವನ್ನು ಇಳಿಸಿದರು. ಒಬ್ಬನೇ ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ ಎನ್ನುವುದು ಅದರ ಹೆಚ್ಚುಗಾರಿಕೆ, ಆದರೆ ಬೆಲೆ ಕೇಳಿದ ಮೇಲೆ ಒಬ್ಬನೇ ಎತ್ತಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕಣ್ಣಿರುವ ಪೆಟ್ಟಿಗೆ, ಪೆಟ್ಟಿಗೆಯ ತಲೆಗೆ ಬಿಸಿಲಿನ ಫಲಕ, ಹೊಟ್ಟೆಯಲ್ಲಿ ಸೈರನ್ನು, ಬೆನ್ನಿನಲ್ಲಿ ಮೊಬೈಲಿನ ಸಿಮ್ಮು. ತಂತಿ ಬೇಡ, ಕರೆಂಟು ಬೇಡ, ಜನ ಬೇಡ. ಎದುರಿಗೆ ಯಾರಾದರೂ ಅಲುಗಾಡಿದರೆ ಫೋಟೊ ತೆಗೆದು ಸಾಹೇಬರ ಫೋನಿಗೆ ಕಳಿಸುತ್ತದೆ. ಕೆಮ್ಮಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಅದಕ್ಕೆ ಆ ಗಳಿಗೆಯಲ್ಲೇ ಮುಕ್ಕಾಲಪ್ಪ ಎಂದು ಹೆಸರಿಟ್ಟಳು.

ಸಾಹೇಬರು ಭಾಷಣ ಮಾಡಿದರು. ಉಳಿದವರು ಯಂತ್ರ ಜೋಡಿಸುವುದರಲ್ಲಿದ್ದರು, ಕೇಳುವವರು ಕೆಮ್ಮಣ್ಣ, ಅವನ ಹೆಂಡತಿ, ಜೀಪಿನ ಚಾಲಕ.

"ಇನ್ನು ಮುಂದೆ ಈ ಗುಡ್ಡದ ಮೇಲೆ ಒಂದು ಎಲೆ ಅಲ್ಲಾಡಿದರೂ ನನಗೆ ತಿಳಿಯುತ್ತದೆ" ಎಂದರು ಸಾಹೇಬರು.

ಅದು ಬರಿಯ ಮಾತಾಗಲಿಲ್ಲ. ಊಟಕ್ಕೆ ಮುಂಚೆಯೇ ಅವರ ಫೋನಿಗೆ ಎಲೆಯ ಫೋಟೊಗಳು ಬರತೊಡಗಿ, ಎಲೆಗಳನ್ನು ಬಿಟ್ಟು ಮನುಷ್ಯರನ್ನು ಮಾತ್ರ ನೋಡುವಂತೆ ಟೈ ಕಟ್ಟಿದವರು ಯಂತ್ರಕ್ಕೆ ತಿಳಿಹೇಳಬೇಕಾಯಿತು.

ಕೆಮ್ಮಣ್ಣ ಮೆಲ್ಲಗೆ ಅವರ ಹತ್ತಿರ ಹೋದ.

"ಸಾರ್, ನಾನು ದಿನಾ ಗಸ್ತು ತಿರುಗ್ತೀನಲ್ಲ, ನಾನು ಬಂದ್ರೆ ಇದಕ್ಕೆ ಗೊತ್ತಾಗುತ್ತಾ?"

"ಖಂಡಿತ ಗೊತ್ತಾಗುತ್ತೆ."

"ನಾನೇ ಅಂತ ಗೊತ್ತಾಗುತ್ತಾ?"

"ಯಾರೋ ಅಂತ ಗೊತ್ತಾಗುತ್ತೆ."

"ಯಾರೋ ಅಂದ್ರೆ, ಕಳ್ಳ ಅಂದ್ಕೊಂಡುಬಿಟ್ರೆ?"

"ನೋಡಿ ಯಜಮಾನ್ರೇ" ಎಂದರು ಟೈ ಕಟ್ಟಿದವರು, ಮಗುವಿಗೆ ಪಾಠ ಹೇಳುವ ದನಿಯಲ್ಲಿ, "ಯಂತ್ರಕ್ಕೆ ಭೇದಭಾವ ಇಲ್ಲ. ಎಲ್ಲರನ್ನೂ ಒಂದೇ ಥರ ನೋಡುತ್ತೆ."

ಗುಡ್ಡದ ಮೇಲೆ ಮೊಬೈಲು ಸಂಕೇತ ಸಿಗುತ್ತಿದ್ದದ್ದು ಕಾವಲು ಕೋಣೆಯ ಅಂಗಳದಲ್ಲಿ ಮಾತ್ರ. ಅದಕ್ಕೇ ಮುಕ್ಕಾಲಪ್ಪನನ್ನು ಅಲ್ಲಿಯೇ, ಪೈಪುಗಳತ್ತ ಮುಖಮಾಡಿ ನಿಲ್ಲಿಸಿ ಎಲ್ಲರೂ ಇಳಿದುಹೋದರು. ಸಂಜೆ ಕೆಮ್ಮಣ್ಣ ಎಂದಿನಂತೆ ಸ್ವೆಟರ್ ತೊಟ್ಟು ಪೈಪುಗಳ ಕಡೆ ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಸೈರನ್ನು ಗುಡ್ಡ ಸೀಳುವಂತೆ ಅರಚಿತು. ಅರಚಿ ಮುಗಿಸಿದ ಮೇಲೆ ಒಬ್ಬ ಹೆಂಗಸಿನ ದನಿ ಬಹಳ ಮರ್ಯಾದೆಯಿಂದ ಹೇಳಿತು: "ನೀವು ನಿರ್ಬಂಧಿತ ಪ್ರದೇಶದಲ್ಲಿದ್ದೀರಿ. ದಯವಿಟ್ಟು ಕೂಡಲೇ ಇಲ್ಲಿಂದ ಹೊರನಡೆಯಿರಿ."

ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಯಾರ್ರೀ ಅವಳು?"

"ಮುಕ್ಕಾಲಪ್ಪನ ಒಳಗಿನವಳು."

"ನಿಮ್ಮನ್ನ ಮನೆ ಬಿಟ್ಟು ಹೋಗು ಅನ್ನೋಕೆ ಅವಳ್ಯಾರು? ಇಷ್ಟು ವರ್ಷ ಸಂಸಾರ ಮಾಡಿ, ಆ ಮಾತಿನ ಹಕ್ಕು ಸಂಪಾದಿಸಿಕೊಂಡಿರೋಳು ನಾನು."

ಊರಿನಲ್ಲಿ ಸಾಹೇಬರ ಫೋನು ಗುಂಯ್‌ಗುಟ್ಟಿತು. ಆ ಹೊತ್ತಿಗೆ ಅವರು ಹಿರಿಯ ಅಧಿಕಾರಿಗಳ ಸಭೆಯಲ್ಲಿ ಕೊನೆಯ ಕುರ್ಚಿಯಲ್ಲಿ, ಕಂಬದ ಹಿಂದೆ ಕೂತಿದ್ದರು. ಫೋನು ನೋಡಿದರು. ಎದ್ದರು. "ಕ್ಷಮಿಸಬೇಕು, ಭದ್ರತಾ ವಿಷಯ" ಎಂದು ಹೊರಗೆ ನಡೆದರು. ಸಭೆಯ ತಲೆಗಳೆಲ್ಲ ಅವರತ್ತ ತಿರುಗಿದವು. ಅಲ್ಲಿಯವರೆಗೆ ಅವರು ಹೊರಗೆ ಹೋದದ್ದು ಯಾರ ಗಮನಕ್ಕೂ ಬಂದದ್ದಿಲ್ಲ. ಮುಂದಿನ ಸಭೆಯಲ್ಲಿ ಅವರಿಗೆ ಕಂಬದ ಈಚೆ ಕುರ್ಚಿ ಸಿಕ್ಕಿತು. ಅದರ ಮುಂದಿನದರಲ್ಲಿ ಮೊದಲ ಸಾಲು, ಗಾಜಿನ ಲೋಟದಲ್ಲಿ ನೀರು. ದಿನಕ್ಕೆ ಇಷ್ಟು ಸಲ ಭದ್ರತೆಯ ಕರೆ ಬರುವ ಮನುಷ್ಯ ಸಾಮಾನ್ಯನಾಗಿರಲಾರ ಎಂದು ಎಲ್ಲರಿಗೂ ಅನ್ನಿಸಿತ್ತು. ಸಾಹೇಬರಿಗೇ ಅನ್ನಿಸತೊಡಗಿತ್ತು.

ತಿಂಗಳ ಕೊನೆಗೆ ಫೋಟೊಗಳ ಕಂತೆ ಕಚೇರಿಗೆ ಬಂತು. ಕಚೇರಿಯ ಹೆಡ್ ಕ್ಲರ್ಕ್ ಒಬ್ಬ ಗಟ್ಟಿಗಿತ್ತಿ. ಮಾತಿಗೊಂದು ನಿಯಮದ ಕಲಮು ಎತ್ತುತ್ತಿದ್ದರಿಂದ ಅವರನ್ನು ಕಲಮು ಮೇಡಂ ಅನ್ನುತ್ತಿದ್ದರು. ಅವರೇ ವಿಚಾರಣಾಧಿಕಾರಿಯಾಗಿ ಕೆಮ್ಮಣ್ಣನನ್ನು ಕರೆಸಿದರು. ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಫೋಟೊಗಳ ಮೇಲೆ ಪೇಪರ್‌ವೇಟು ಇತ್ತು, ಸಾಹೇಬರು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

"ಇದು ಯಾರು?" ಮೇಡಂ ಮೇಲಿನ ಫೋಟೊ ತಿರುಗಿಸಿ ತೋರಿಸಿದರು.

"ನಾನೇ ಮೇಡಂ."

"ನೀವೇ ಅಂತ ಹೇಗೆ ಹೇಳ್ತೀರಿ?"

"ಸ್ವೆಟರ್ ನನ್ನದು. ಹೆಂಡತಿ ಹೆಣೆದಿದ್ದು. ಮುಖಾನೂ ನನ್ನದೇ."

"ಅಂದ್ರೆ, ಅತಿಕ್ರಮಣ ಮಾಡಿದವರು ನೀವೇ ಅಂತ ಒಪ್ಕೊಳ್ತಿದೀರಿ."

"ಅಯ್ಯೋ ಮೇಡಂ, ನಾನು ಕಾವಲುಗಾರ."

"ಯಂತ್ರ ಕಾವಲುಗಾರರ ಫೋಟೊ ತೆಗೆಯೋದಿಲ್ಲ. ಅತಿಕ್ರಮಣಕಾರರ ಫೋಟೊ ಮಾತ್ರ ತೆಗೆಯುತ್ತೆ. ಕಂಪನಿಯ ಕೈಪಿಡಿಯ ಮೂರನೇ ಕಲಮು." ಮೇಡಂ ಕನ್ನಡಕ ಸರಿಪಡಿಸಿಕೊಂಡರು. "ಸರಿ, ನೀವು ಕಾವಲುಗಾರ ಅಂತಾನೇ ಇಟ್ಕೊಳೋಣ. ಈ ಮನುಷ್ಯ ಒಂದು ತಿಂಗಳಿಡೀ ನಿಮ್ಮ ಜಾಗದಲ್ಲಿ ರಾಜಾರೋಷವಾಗಿ ಓಡಾಡಿದಾನೆ. ಒಂದು ಸಲಾನಾದ್ರೂ ಹಿಡಿದ್ರಾ?"

"ಅವನು ನಾನೇ ಅಲ್ವಾ?"

"ಪರಿಚಯದವರು ಅಂತ ಬಿಟ್ಬಿಟ್ರಿ, ಹಾಗಾದ್ರೆ."

ಕೆಮ್ಮಣ್ಣ ಅಭ್ಯಾಸಬಲದಿಂದ ಪೀಠಿಕೆಯ ಸಣ್ಣ ಕೆಮ್ಮೊಂದನ್ನು ಕೆಮ್ಮಿದ. ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ ಇಬ್ಬರು ಗುಮಾಸ್ತರು ಎದ್ದು ಕಡತ ತೆರೆದರು.

ಹೀಗೆ ಅವನ ಮೇಲೆ ಎರಡು ಆಪಾದನೆ ಬಿದ್ದವು. ಅತಿಕ್ರಮಣಕಾರನಾಗಿ ಒಳಗೆ ಓಡಾಡಿದ್ದು ಒಂದು, ಕಾವಲುಗಾರನಾಗಿ ಅವನನ್ನು ಹಿಡಿಯದೆ ಬಿಟ್ಟದ್ದು ಇನ್ನೊಂದು. ಇಬ್ಬರನ್ನೂ ಮುಖಾಮುಖಿ ಕೂರಿಸಿ ವಿಚಾರಿಸಬೇಕೆಂದು ನಿಯಮವಿತ್ತು. ಎರಡನೆಯ ಕುರ್ಚಿ ತರಿಸಿದ ಮೇಲೆ ತೊಂದರೆ ಮೇಡಂಗೆ ಅರ್ಥವಾಗಿ, ಅವರು ಮೃದುವಾದರು. ಅವರದು ಕೆಟ್ಟ ಮನಸ್ಸಲ್ಲ, ನಿಯಮ ಅಷ್ಟೇ.

"ನೋಡಿ, ಒಂದು ದಾರಿ ಇದೆ. ಇನ್ನು ಮೂರು ತಿಂಗಳು ಗುಡ್ಡದ ಮೇಲೆ ಒಂದೇ ಒಂದು ಅತಿಕ್ರಮಣ ಆಗಬಾರದು. ಆಗಲಿಲ್ಲ ಅಂದ್ರೆ ನಡತೆ ನಿಷ್ಕಳಂಕ ಅಂತ ನಾನೇ ಬರೀತೀನಿ, ಕಾಯಂ ಆಗ್ತೀರಿ. ಒಂದು ಆದ್ರೂ ಕಡತ ಮುಚ್ಚಿ ಕೆಳಗೆ ಕಳಿಸ್ತೀನಿ. ಕೆಳಗೆ ಹೋದ ಕಡತ ಮೇಲೆ ಬಂದಿದ್ದು ನನ್ನ ಸರ್ವೀಸಿನಲ್ಲಿ ನೋಡಿಲ್ಲ."

ಆ ಸಂಜೆಯೇ ಸುತ್ತೋಲೆ ಹೊರಟಿತು. 'ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗುಡ್ಡದ ಉಗ್ರಾಣದ ಕಾವಲುಗಾರರು ಕರ್ತವ್ಯದ ವೇಳೆಯಲ್ಲಿ ತಮ್ಮ ಸ್ಥಾನದಲ್ಲಿ ಹಾಜರಿರತಕ್ಕದ್ದು, ಆದರೆ ಅಲುಗಾಡತಕ್ಕದ್ದಲ್ಲ. ಕೆಮ್ಮುವುದರಿಂದ ಸ್ಟ್ಯಾಂಡು ಅದುರಿ ಯಂತ್ರದ ಏಕಾಗ್ರತೆಗೆ ಭಂಗ ಬರುವುದರಿಂದ ಸದರಿ ಕೆಮ್ಮನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.' ಜೊತೆಗೆ ಸಾಹೇಬರು ಇನ್ನೊಂದು ವೈಜ್ಞಾನಿಕ ಕ್ರಮ ಕೈಗೊಂಡರು. ಫೋಟೊಗಳನ್ನೆಲ್ಲ ಹರಡಿಕೊಂಡು ನೋಡಿದಾಗ, ಅತಿಕ್ರಮಣಕಾರ ಪ್ರತಿಸಲವೂ ಕಾವಲು ಕೋಣೆಯ ದಿಕ್ಕಿನಿಂದಲೇ ಬರುತ್ತಿದ್ದುದು ಅವರ ಗಮನಕ್ಕೆ ಬಂತು. ಪೈಪುಗಳ ಆ ಕಡೆಯಿಂದ, ರಸ್ತೆಯ ಕಡೆಯಿಂದ, ಯಾರೂ ಬಂದ ದಾಖಲೆಯಿಲ್ಲ. ಅಪಾಯ ಇರುವ ಕಡೆಗೆ ತಾನೇ ಕಣ್ಣಿಡಬೇಕು. ಮುಕ್ಕಾಲಪ್ಪನ ಮುಖವನ್ನು ಪೈಪುಗಳಿಂದ ತಿರುಗಿಸಿ ಕೆಮ್ಮಣ್ಣನ ಬಾಗಿಲಿಗೆ ನೆಟ್ಟರು.

ಅಂದಿನಿಂದ ಕೆಮ್ಮಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮುಕ್ಕಾಲಪ್ಪ ಅವನನ್ನು ನೋಡುತ್ತಿದ್ದ, ಅವನು ಮುಕ್ಕಾಲಪ್ಪನನ್ನು ನೋಡುತ್ತಿದ್ದ. ಬಹಳ ನಿಧಾನವಾಗಿ ಅಲುಗಾಡಿದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲವೆಂದು ಕೆಲವೇ ದಿನಗಳಲ್ಲಿ ಅವನು ಕಂಡುಕೊಂಡ. ಬೆಳಗಿನ ಚಹಾ ಬಾಯಿಗೆ ತಲುಪುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಮೂಗಿನ ಮೇಲೆ ಕೂತ ನೊಣಕ್ಕೆ ಬೇಸರವಾಗಿ ಅದೇ ಎದ್ದುಹೋಗಬೇಕಾಗಿತ್ತು. ಒಂದು ಹಕ್ಕಿ ಅವನ ಹೆಗಲ ಮೇಲೆ ಗೂಡು ಕಟ್ಟಲು ಕಡ್ಡಿ ತಂದದ್ದನ್ನು ಹೆಂಡತಿ ಕಣ್ಣಾರೆ ನೋಡಿದ್ದಾಳೆ.

ಅವಳಿಗೂ ಬಾಗಿಲಿನ ದಾರಿ ಬಂದ್ ಆಯಿತು. ಹಿಂದಿನ ಕಿಟಕಿಯ ಸರಳು ಕಿತ್ತು, ಕೊಡವನ್ನು ಮೊದಲು ದಾಟಿಸಿ, ಆಮೇಲೆ ತಾನು ದಾಟುತ್ತಿದ್ದಳು.

"ಮದುವೆಯಾಗಿ ಬಂದಾಗ ಬಾಗಿಲಿಂದ ಬಂದೆ. ಈ ವಯಸ್ಸಲ್ಲಿ ಕಿಟಕಿ ಹಾರ್ತಿದೀನಿ. ನೋಡಿದವರು ಏನಂದ್ಕೋಬೇಕು?"

ಕೆಮ್ಮಣ್ಣ ತುಟಿ ಅಲುಗಿಸದೆ ಉತ್ತರ ಕೊಡುವುದನ್ನು ಕಲಿತಿದ್ದ. "ಕಾಯಂ ಆಗೋವರೆಗೆ."

"ಕಾಯಂ ಆಗೋಷ್ಟರಲ್ಲಿ ನೀವು ಕಲ್ಲಾಗ್ತೀರಿ."

"ಕಲ್ಲಾದ್ರೂ ಕಾಯಂ ಕಲ್ಲು."

ಗಡುವು ಮುಗಿಯಲು ಸ್ವಲ್ಪವೇ ದಿನ ಉಳಿದಿದ್ದಾಗ, ಒಂದು ಮಧ್ಯಾಹ್ನ ಲಾರಿ ಬಂತು. ರಸ್ತೆಯ ಕಡೆಯಿಂದ, ನಿಧಾನವಾಗಿ, ಯಾರ ಹೆದರಿಕೆಯೂ ಇಲ್ಲದೆ. ಬೇಲಿಯ ತಂತಿಯನ್ನು ಬಿಡಿಸಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಲಾರಿಗೆ ಹಾಕಿಕೊಂಡರು, ಆಮೇಲೆ ಪೈಪುಗಳನ್ನು ಏರಿಸತೊಡಗಿದರು. ಕೆಮ್ಮಣ್ಣ ಕಡೆಗಣ್ಣಿನಿಂದ ನೋಡಿದ. ಮುಕ್ಕಾಲಪ್ಪ ಬೆನ್ನು ಹಾಕಿ ನಿಂತಿದ್ದ, ಅವನಿಗೆ ಇದು ಸಂಬಂಧಪಟ್ಟ ವಿಷಯವಲ್ಲ.

ಹೆಂಡತಿ ಕಿಟಕಿ ಹಾರಿ ಓಡಿದಳು.

"ಯಾರಪ್ಪಾ ನೀವು?"

ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ದಪ್ಪನೆಯವನು ವಿನಯದಿಂದ ಹೇಳಿದ. "ಪೈಪು ತಗೊಂಡು ಹೋಗೋರು ಅಕ್ಕಾ."

"ಯಾರು ತಗೋ ಅಂದಿದ್ದು?"

"ಯಾರೂ ಬೇಡ ಅನ್ನಲಿಲ್ಲ." ಅವನು ಬಾಗಿಲ ಕಡೆ ಇಣುಕಿದ. "ಅಣ್ಣ ಯಾಕೆ ಹಾಗೆ ಕೂತಿದಾರೆ? ಹುಷಾರಿಲ್ವಾ?"

"ಡ್ಯೂಟಿ ಮೇಲಿದಾರೆ."

"ಒಳ್ಳೇದು. ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ ಅಕ್ಕಾ?"

"ನೀರಿನ ಮಂಡಳಿ ಜಾಗಕ್ಕೆ ಬಂದು ನೀರು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ" ಎಂದು ಗದರಿ, ಅವಳು ವಾಪಸು ಓಡಿಬಂದು ಕಿಟಕಿಯಿಂದ ತಲೆ ಹಾಕಿದಳು. "ರೀ, ಒಂದೇ ಒಂದು ಕೆಮ್ಮು ಕೆಮ್ಮಿ. ಲಾರಿ ಬಿಟ್ಟು ಓಡ್ತಾರೆ."

ಕೆಮ್ಮು ಬಂದಿತ್ತು. ಎದೆಯ ತಳದಿಂದ ಎದ್ದು, ಪಕ್ಕೆಲುಬು ಹಿಡಿದು ಹತ್ತಿ, ಗಂಟಲಿನ ಬಾಗಿಲು ಬಡಿಯುತ್ತಿತ್ತು. ಇಷ್ಟು ವರ್ಷ ಕಾದ ಪೈಪುಗಳು. ಯಾವುದರ ಬಾಯಲ್ಲಿ ಅಳಿಲು ಮರಿ ಹಾಕುತ್ತದೆ, ಯಾವುದು ಮಳೆಗೆ ಕೊಳಲಿನ ಹಾಗೆ ಊದುತ್ತದೆ ಎಂದು ಅವನಿಗೆ ಗೊತ್ತಿತ್ತು. ಒಂದೊಂದೇ ಠಣ್ಣೆಂದು ಲಾರಿಗೆ ಬೀಳುವಾಗ ಯಾವುದು ಬಿತ್ತು ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಮುಕ್ಕಾಲಪ್ಪನ ಕಣ್ಣಿನ ಪಕ್ಕದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕೆಮ್ಮಿದರೆ ಕಡತ ಕೆಳಗೆ.

ಕೆಮ್ಮಣ್ಣ ಜೀವಮಾನದಲ್ಲಿ ಮೊದಲ ಸಲ ಕೆಮ್ಮನ್ನು ನುಂಗಿದ. ಅದು ಕೆಳಗಿಳಿಯುವ ಸದ್ದು ಹೆಂಡತಿಗೆ ಕಿಟಕಿಯವರೆಗೆ ಕೇಳಿಸಿತು. ಅವಳು ಕಿಟಕಿಯಿಂದ ತಲೆ ಹಿಂದೆಗೆದುಕೊಂಡಳು. ದಪ್ಪನೆಯವನು ಹೋಗುವಾಗ "ಬರ್ತೀವಿ ಅಣ್ಣಾ" ಎಂದು ಕೈಮುಗಿದು ಹೋದ.

ಗಡುವು ಮುಗಿದ ಮರುದಿನ ಕೆಮ್ಮಣ್ಣ ಕಚೇರಿಗೆ ಹೋದ. ಸಾಹೇಬರು ಬಾಡಿದ ಮುಖ ಹೊತ್ತು ಕೂತಿದ್ದರು. ಮೂರು ತಿಂಗಳಿಂದ ಫೋನು ಗುಂಯ್‌ಗುಟ್ಟಿರಲಿಲ್ಲ. ಸಭೆಯಲ್ಲಿ ಅವರು ಮತ್ತೆ ಕಂಬದ ಹಿಂದಕ್ಕೆ ಹೋಗಿದ್ದರು, ನೀರಿನ ಲೋಟವೂ ಪ್ಲಾಸ್ಟಿಕ್ಕಿಗೆ ಇಳಿದಿತ್ತು.

"ಒಂದೂ ಅತಿಕ್ರಮಣ ಆಗಿಲ್ಲ ಸಾರ್. ಆದ್ರೆ ಪೈಪುಗಳು ಹೋದವು."

"ಎಲ್ಲಿಗೆ?"

"ಲಾರಿಯಲ್ಲಿ."

ಕಲಮು ಮೇಡಂ ತಲೆ ಎತ್ತಿದರು. "ಯಂತ್ರದಲ್ಲಿ ದಾಖಲಾಗಿದೆಯಾ?"

"ಅದು ನನ್ನನ್ನು ನೋಡ್ತಿತ್ತು ಮೇಡಂ."

"ಹಾಗಾದ್ರೆ ಅದು ಕಳ್ಳತನ ಅಲ್ಲ, ವದಂತಿ. ವದಂತಿ ಹಬ್ಬಿಸೋದಕ್ಕೆ ಬೇರೆ ಕಲಮು ಇದೆ, ಬೇಕಾದ್ರೆ ಹೇಳಿ."

ಆದರೂ ಸ್ಥಳ ಪರಿಶೀಲನೆ ನಡೆಯಿತು. ಪೈಪುಗಳಿದ್ದ ಕಡೆ ಬಿಸಿಲು ಕಾಣದ ಹುಲ್ಲು ಉದ್ದುದ್ದ ಪಟ್ಟೆಗಳಾಗಿ ಬಿಳಿಚಿಕೊಂಡು ಬಿದ್ದಿತ್ತು. ಸಾಹೇಬರು ಆ ಪಟ್ಟೆಗಳ ಸುತ್ತ ಬಹಳ ಹೊತ್ತು ನಡೆದಾಡಿದರು.

"ಪೈಪು ಇಲ್ಲ ಅಂತ ಬರೆದರೆ ಯಂತ್ರ ಸುಳ್ಳು ಅಂತಾಗುತ್ತೆ" ಎಂದರು ಕಡೆಗೆ. "ಯಂತ್ರ ಸುಳ್ಳು ಅಂದ್ರೆ ತರಿಸಿದವರು ಯಾರು ಅಂತಾಗುತ್ತೆ. ತರಿಸಿದವನು ನಾನು."

'ಪೈಪುಗಳನ್ನು ಇರಿಸುವ ಜಾಗವು ಸಂಪೂರ್ಣ ಸುರಕ್ಷಿತವಾಗಿದೆ' ಎಂದು ಮೇಡಂ ಬರೆದುಕೊಂಡರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜಾಗ ಅಲ್ಲಿಯೇ ಇತ್ತು.

ಇಷ್ಟಕ್ಕೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಆದರೆ ಕೇಂದ್ರ ಕಚೇರಿಯಿಂದ ಪತ್ರ ಬಂತು. 'ತಮ್ಮ ವಿಭಾಗದ ಭದ್ರತಾ ವ್ಯವಸ್ಥೆಯು ಕಳೆದ ಮೂರು ತಿಂಗಳಿಂದ ಯಾವುದೇ ಅತಿಕ್ರಮಣವನ್ನು ಪತ್ತೆಹಚ್ಚದೆ ಸೋಮಾರಿಯಾಗಿರುವುದು ಕಂಡುಬಂದಿದೆ. ಅತಿಕ್ರಮಣವಿಲ್ಲದ ಕಡೆ ಭದ್ರತೆ ದುಂದುವೆಚ್ಚವಾದ್ದರಿಂದ ಸದರಿ ಯಂತ್ರವನ್ನೂ, ಯಂತ್ರಕ್ಕಾಗಿ ಮಂಜೂರಾದ ಜೀಪನ್ನೂ, ಜೀಪಿಗಾಗಿ ಮಂಜೂರಾದ ಹುದ್ದೆಗಳನ್ನೂ ಹಿಂತಿರುಗಿಸತಕ್ಕದ್ದು.'

ಜೀಪಿಗಾಗಿ ಮಂಜೂರಾದ ಹುದ್ದೆಗಳಲ್ಲಿ ಮೊದಲನೆಯದು ಸಾಹೇಬರದು.

ಸಾಹೇಬರು ಬಾಗಿಲು ಹಾಕಿಸಿದರು. "ನಮಗೊಬ್ಬ ಅತಿಕ್ರಮಣಕಾರ ಬೇಕು" ಎಂದರು, ತಗ್ಗಿದ ದನಿಯಲ್ಲಿ.

"ಯಾರನ್ನೋ ತಗೊಳ್ಳೋಕೆ ಆಗಲ್ಲ ಸಾರ್" ಎಂದರು ಮೇಡಂ. "ಅನುಭವ ಇರ್ಬೇಕು. ಅನುಭವಕ್ಕೆ ದಾಖಲೆ ಇರ್ಬೇಕು."

ಇಬ್ಬರೂ ಮೇಜಿನ ಮೇಲಿದ್ದ ಫೋಟೊಗಳ ಕಂತೆಯನ್ನು ನೋಡಿದರು. ಆಮೇಲೆ ಬಾಗಿಲ ಬಳಿ, ಕಾಯಂ ಆದೇಶಕ್ಕೆ ಕಾಯುತ್ತ, ಇನ್ನೂ ಅಭ್ಯಾಸ ಬಿಡದೆ ಕಲ್ಲಿನ ಹಾಗೆ ನಿಂತಿದ್ದ ಕೆಮ್ಮಣ್ಣನನ್ನು ನೋಡಿದರು. ಒಂದು ತಿಂಗಳಿಡೀ, ಫೋಟೊ ಸಮೇತ, ಹಗಲು ಸಂಜೆ ಎನ್ನದೆ ಅತಿಕ್ರಮಣ ಮಾಡಿದ ಬೇರೊಬ್ಬ ಅಭ್ಯರ್ಥಿ ಇಡೀ ಮಂಡಳಿಯಲ್ಲಿ ಇರಲಿಲ್ಲ. ಆಪಾದನೆಯ ಕಂತೆಯ ಮೇಲಿನ ತಲೆಬರಹ ಹೊಡೆದುಹಾಕಿ ಮೇಡಂ 'ಅನುಭವ ಪತ್ರಗಳು' ಎಂದು ಬರೆದರು.

"ನನ್ನ ಕಾವಲುಗಾರ ಕೆಲಸ ಕಾಯಂ ಆಗೋದು?" ಕೇಳಿದ ಕೆಮ್ಮಣ್ಣ.

"ಕಾವಲುಗಾರ ಹುದ್ದೆಗೆ ನಡತೆ ನಿಷ್ಕಳಂಕ ಇರ್ಬೇಕು. ನೀವು ಮೊನ್ನೆ ತಾನೇ ಪೈಪು ಹೋಗಿದೆ ಅಂತ ವದಂತಿ ಹಬ್ಬಿಸಿದ್ರಿ. ಕಷ್ಟ." ಮೇಡಂ ಪುಟ ತಿರುಗಿಸಿದರು. "ಅತಿಕ್ರಮಣಕಾರ ಹುದ್ದೆಗೆ ಆ ಷರತ್ತು ಇಲ್ಲ. ಇವತ್ತೇ ಕಾಯಂ ಮಾಡಬಹುದು."

ಕೆಮ್ಮಣ್ಣ ಮನೆಗೆ ಹೋಗಿ ಕೇಳಿಕೊಂಡು ಬರುತ್ತೇನೆಂದ. ಹೆಂಡತಿ ಕಿಟಕಿಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

"ಕಾಯಂ ತಾನೆ?"

"ಕಾಯಂ. ಪಿಂಚಣಿ ಇದೆ."

"ಈ ಮನೆ?"

"ಇಲ್ಲೇ ಇರಬಹುದು. ಅತಿಕ್ರಮಣಕಾರ ಅಲ್ವಾ, ಇಲ್ಲಿರೋದೇ ಡ್ಯೂಟಿ."

"ನನ್ನ ತಂಗಿ ಕೇಳಿದ್ರೆ ಏನಂತ ಹೇಳ್ಲಿ? ಭಾವ ಏನು ಕೆಲಸ ಅಂತ?"

"ಭದ್ರತಾ ವಿಭಾಗ ಅನ್ನು."

ಅವಳು ಸ್ವಲ್ಪ ಹೊತ್ತು ಬೇಲಿಯಿಲ್ಲದ ಬಯಲನ್ನೂ ಹುಲ್ಲಿನ ಬಿಳಿ ಪಟ್ಟೆಗಳನ್ನೂ ನೋಡಿದಳು. "ಹೋಗಿ ಸಹಿ ಹಾಕಿ" ಎಂದಳು. "ಬಾಗಿಲಲ್ಲಿ ಓಡಾಡೋ ಹಾಗಾದ್ರೆ ಸಾಕು ನನಗೆ."

ನೇಮಕಾತಿ ಆದೇಶದಲ್ಲಿ ಅಸ್ಪಷ್ಟವಾದದ್ದು ಏನೂ ಇರಲಿಲ್ಲ. ಅಧಿಕೃತ ಅತಿಕ್ರಮಣಕಾರರು ಗೇಟನ್ನು ಬಳಸಕೂಡದು, ಬೇಲಿಯ ಅಡಿಯಿಂದಲೇ ನುಸುಳತಕ್ಕದ್ದು. ಬೇಲಿ ಇಲ್ಲದ ಕಡೆ ಬೇಲಿ ಇದ್ದಂತೆ ಭಾವಿಸಿ ನುಸುಳತಕ್ಕದ್ದು. ಓಡಿದರೆ ಫೋಟೊ ಮಸುಕಾಗುವುದರಿಂದ ಸಮಾಧಾನವಾಗಿ ನಡೆಯತಕ್ಕದ್ದು, ಯಂತ್ರದ ಎದುರು ಒಂದು ಗಳಿಗೆ ನಿಂತು ಮುಖ ತೋರಿಸತಕ್ಕದ್ದು. ಕಂದು ಸ್ವೆಟರನ್ನು ಸಮವಸ್ತ್ರವೆಂದು ಘೋಷಿಸಲಾಗಿದ್ದು, ಅದರ ಮೊಣಕೈಯನ್ನು ಹೊಲಿಸತಕ್ಕದ್ದಲ್ಲ. ರಜೆ ಬೇಕಾದಲ್ಲಿ ಮುಂಚಿತವಾಗಿ ಅರ್ಜಿ ಕೊಟ್ಟರೆ ಆ ದಿನ ಯಂತ್ರಕ್ಕೂ ರಜೆ ಕೊಡಲಾಗುವುದು.

ಮುಕ್ಕಾಲಪ್ಪನ ಮುಖವನ್ನು ಬಾಗಿಲಿನಿಂದ ಬಯಲಿನತ್ತ ತಿರುಗಿಸಿದರು. ಫೋನು ಮತ್ತೆ ಗುಂಯ್‌ಗುಟ್ಟಿತು. ಸಾಹೇಬರು ಮತ್ತೆ ಮೊದಲ ಸಾಲಿಗೆ ಬಂದರು. ಅತಿಕ್ರಮಣ ಪತ್ತೆಹಚ್ಚಿದ್ದಕ್ಕೆ ಅವರ ವಿಭಾಗಕ್ಕೆ ಪಾರಿತೋಷಕ ಬಂದಾಗ, ವೇದಿಕೆಯ ಮೇಲೆ ಫಲಕ ಹಿಡಿದ ಸಾಹೇಬರ ಹಿಂದೆ ದೊಡ್ಡ ಪರದೆಯಲ್ಲಿ ಕೆಮ್ಮಣ್ಣ ಬೇಲಿಯಿಲ್ಲದ ಬಯಲಿನಲ್ಲಿ ತಲೆ ಬಗ್ಗಿಸಿ ನುಸುಳುತ್ತಿರುವ ಚಿತ್ರವಿತ್ತು. ಉಳಿದ ವಿಭಾಗಗಳಿಗೆ ಹೊಟ್ಟೆಕಿಚ್ಚಾಯಿತು. ಅವರಿಗೂ ಊರಾಚೆ ಉಗ್ರಾಣಗಳಿದ್ದವು, ಪಂಪು ಮನೆಗಳಿದ್ದವು, ಕಾಡಿನಂಚಿನಲ್ಲಿ ಕೇಬಲು ಬಿದ್ದಿತ್ತು. ಯಂತ್ರ ಹೇಗೂ ಸಂಚಾರಿ, ನಮಗೂ ಸ್ವಲ್ಪ ದಿನ ಕೊಡಿ ಎಂದರು. ಯಂತ್ರ ಸಂಚಾರಿಯಾದರೆ ಅತಿಕ್ರಮಣಕಾರನೂ ಸಂಚಾರಿಯಾಗಬೇಕಷ್ಟೇ. ಮುಕ್ಕಾಲಪ್ಪನನ್ನು ಜೀಪಿನ ಹಿಂದೆ ಮಲಗಿಸಿ, ಕೆಮ್ಮಣ್ಣನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕಳಿಸತೊಡಗಿದರು. ಹೋದ ಕಡೆಯಲ್ಲೆಲ್ಲ ಅವನನ್ನು ಎಂಜಿನಿಯರುಗಳು ಬಂದು ಇದಿರುಗೊಂಡರು. ಎಲ್ಲಿಂದ ನುಗ್ಗಿದರೆ ಅನುಕೂಲ ಎಂದು ಅಭಿಪ್ರಾಯ ಕೇಳಿದರು, ನೆರಳಿನಲ್ಲಿ ಕುರ್ಚಿ ಹಾಕಿದರು.

ಹೀಗೆ ಒಂದು ಸಲ ಬಯಲಿನ ನಡುವಿನ ಕೇಬಲು ಉಗ್ರಾಣದಲ್ಲಿ, ಮಧ್ಯಾಹ್ನದ ಹೊತ್ತು, ಕೆಮ್ಮಣ್ಣ ಬೇಲಿ ನುಸುಳಿ, ಸಮಾಧಾನವಾಗಿ ನಡೆದು, ಮುಖ ತೋರಿಸಿ ಕೆಲಸ ಮುಗಿಸಿದ. ತಿರುಗಿ ನೋಡಿದರೆ ಗೋಡೆಯ ನೆರಳಿನಲ್ಲಿ ಮೂವರು ಕೂತಿದ್ದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಪಕ್ಕದಲ್ಲಿ ತಂತಿ ಕತ್ತರಿಸುವ ಇಕ್ಕಳಗಳು, ಮಡಚಿದ ಚೀಲಗಳು.

"ನಿಮ್ಮದು ಮುಗೀತಾ ಅಣ್ಣಾ?" ಹೆಂಗಸು ಕೇಳಿದಳು. "ಅವಸರ ಇಲ್ಲ. ಪೆಟ್ಟಿಗೆ ಮಡಚಿ ಜೀಪಿಗೆ ಹಾಕಿದ ಮೇಲೆ ನಾವು ಶುರು ಮಾಡ್ತೀವಿ."

ಕೆಮ್ಮಣ್ಣ ಅವರ ಪಕ್ಕದಲ್ಲಿ ಕೂತ. ತಡೆಯುವುದು ಕಾವಲುಗಾರನ ಕೆಲಸ, ಆ ಹುದ್ದೆ ಖಾಲಿ ಇತ್ತು. ಅವನು ತನ್ನ ಹುದ್ದೆಯ ವ್ಯಾಪ್ತಿ ಮೀರಿದವನಲ್ಲ.

"ದಿನಾ ಸಂಬಳ ಬರುತ್ತಾ?" ಗಂಡಸರಲ್ಲಿ ಹಿರಿಯವನು ಕೇಳಿದ.

"ತಿಂಗಳಿಗೆ. ಪಿಂಚಣಿನೂ ಇದೆ. ಕಾಯಂ."

"ಪುಣ್ಯವಂತರು ಬಿಡಿ" ಎಂದ ಹಿರಿಯವನು. "ನಾವೂ ಇಷ್ಟು ವರ್ಷದಿಂದ ಇದೇ ಮಾಡ್ತಿದೀವಿ. ಒಂದು ದಿನ ಇದ್ರೆ ಇನ್ನೊಂದು ದಿನ ಇಲ್ಲ. ವಯಸ್ಸಾದ ಮೇಲೆ ಏನು ಗತಿ ಅಂತ ಇವಳು ದಿನಾ ಕೇಳ್ತಾಳೆ."

"ಮಂಡಳಿಯವರು ಇನ್ನೂ ತಗೋತಾರಂತೆ" ಎಂದ ಕೆಮ್ಮಣ್ಣ. ಆ ದನಿಯಲ್ಲಿ ಹಂಗಾಮಿಯ ಕಷ್ಟ ಬಲ್ಲವನ ಮರುಕವಿತ್ತು. "ಅನುಭವ ಇದೆಯಾ?"

"ಬೇಕಾದಷ್ಟು."

"ಫೋಟೊ?"

"ಅದೇ ಇಲ್ಲ" ಎಂದಳು ಹೆಂಗಸು, ನಾಚಿಕೊಂಡು. "ಯಾವತ್ತೂ ಸಿಕ್ಕಿಬಿದ್ದಿಲ್ಲ."

ಕೆಮ್ಮಣ್ಣ ಜೀಪಿನ ಕಡೆ ನೋಡಿದ. ಚಾಲಕ ಇನ್ನೂ ಮಲಗಿದ್ದ. ಮುಕ್ಕಾಲಪ್ಪನ ಕೆಂಪು ದೀಪ ಮಿನುಗುತ್ತಿತ್ತು. "ಹೋಗಿ ನಿಂತ್ಕೊಳ್ಳಿ" ಎಂದ. "ಒಬ್ಬೊಬ್ಬರಾಗಿ. ಓಡಬೇಡಿ, ಮಸುಕಾಗುತ್ತೆ."

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಕೂದಲನ್ನು ಅಂಗೈಯಿಂದ ಸವರಿ ಸರಿಮಾಡಿದಳು. ಮೂವರೂ ಸಾಲಾಗಿ ಬೇಲಿಯ ಅಡಿಯಿಂದ ನುಸುಳಿ, ಇಕ್ಕಳಗಳನ್ನು ಚೆನ್ನಾಗಿ ಕಾಣುವಂತೆ ಎದೆಯ ಹತ್ತಿರ ಹಿಡಿದು, ಯಂತ್ರದ ಮುಂದೆ ಒಂದು ಗಳಿಗೆ ನಿಂತು ಮುಖ ತೋರಿಸಿದರು. ಸೈರನ್ನು ಮೂರು ಸಲ ಕೂಗಿತು. ಊರಿನ ಸಭೆಯಲ್ಲಿ ಸಾಹೇಬರು ಮೂರು ಸಲ ಎದ್ದು ಹೋದರು, ಮೂರನೆಯ ಸಲ ಅವರು ವಾಪಸು ಬಂದಾಗ ಅಧ್ಯಕ್ಷರೇ ಎದ್ದು ನಿಂತರೆಂದು ಹೇಳುತ್ತಾರೆ.

ಮೂವರ ಅರ್ಜಿಗಳೂ, ಅನುಭವ ಪತ್ರ ಸಮೇತ, ಕಲಮು ಮೇಡಂ ಅವರ ಮೇಜಿಗೆ ತಲುಪಿವೆ. ನಿಯಮಾನುಸಾರ ಸದ್ಯಕ್ಕೆ ಹಂಗಾಮಿಯಾಗಿ ತೆಗೆದುಕೊಳ್ಳಲಾಗಿದೆ. ಕಾವಲುಗಾರರ ಹುದ್ದೆಗೂ ಪ್ರಕಟಣೆ ಹೊರಡಿಸಲಾಗಿದ್ದು, ಅನುಭವ ಇರುವವರು ಯಾರೂ ಈವರೆಗೆ ಮುಂದೆ ಬಂದಿಲ್ಲ.